ಒರಳುಕಲ್ಲಿನ ಮುಂದೆ ನನ್ನ ನಾಯಕಿಯರು

ನನ್ನ ಕಥೆಗಳನ್ನು ಓದಿರುವ ಕೆಲವೇ ಮಂದಿಯಲ್ಲಿ ನೀವೂ ಒಬ್ಬರಾಗಿದ್ದರೆ ಒಂದು ಸಂಗತಿ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ನನ್ನ ನಾಯಕಿಯರು ಬದುಕಿನ ದೊಡ್ಡ ತೀರ್ಮಾನಗಳನ್ನೆಲ್ಲ ಒರಳುಕಲ್ಲಿನ ಮುಂದೆ ಕೂತೇ ಮಾಡುತ್ತಾರೆ. ಗಂಡನನ್ನು ಬಿಟ್ಟು ಹೊರಡುವವಳೂ ಅಲ್ಲೇ, ಬಿಟ್ಟುಹೋದ ಗಂಡ ತಿರುಗಿ ಬಂದಾಗ ಒಳಗೆ ಕರೆಯಬೇಕೋ ಬೇಡವೋ ಎಂದು ಯೋಚಿಸುವವಳೂ ಅಲ್ಲೇ. ಗುಂಡುಕಲ್ಲು ತಿರುಗುತ್ತಿರುತ್ತದೆ, ಅವಳ ಮನಸ್ಸೂ ತಿರುಗುತ್ತಿರುತ್ತದೆ, ಹಿಟ್ಟು ನುಣ್ಣಗಾಗುವ ಹೊತ್ತಿಗೆ ಸರಿಯಾಗಿ ಮನಸ್ಸು ಗಟ್ಟಿಯಾಗುತ್ತದೆ. ಇದೊಂದೂ ನಿಮ್ಮ ಕಣ್ಣಿಗೆ ಬಿದ್ದಿಲ್ಲವೆಂದರೆ ಇನ್ನೂ ಸಂತೋಷ.

ತಪ್ಪು ನನ್ನದಲ್ಲ, ಕಿಟಕಿಯದು. ಮದರಾಸಿನ ಮಾಂಬಲಂನಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ ಮೂರು ಪೋರ್ಷನ್‌ಗಳು, ಮೂರಕ್ಕೂ ಸೇರಿ ಹಿತ್ತಲಲ್ಲಿ ಒಂದು ಬಾವಿ, ಬಾವಿಯ ಪಕ್ಕ ಒಂದು ಒರಳುಕಲ್ಲು. ಇನ್ಶೂರೆನ್ಸ್ ಆಫೀಸಿನಿಂದ ಬಂದು ಕಾಫಿ ಕುಡಿದು ಬರೆಯಲು ಕೂತರೆ ಎದುರಿಗೆ ಕಾಣುತ್ತಿದ್ದದ್ದು ಅದೇ. ಸರದಿಯ ಮೇಲೆ ಮೂರು ಮನೆಯ ಹೆಂಗಸರೂ ಅಲ್ಲಿ ರುಬ್ಬುತ್ತಿದ್ದರು. ತಲೆ ತಗ್ಗಿಸಿ, ತುಟಿ ಬಿಗಿಹಿಡಿದು, ಎದುರಿನ ಬೇಲಿಯೂ ಕಾಣದವರಂತೆ ಮಗ್ನರಾಗಿ ಕೂತಿರುತ್ತಿದ್ದರು. ಅವರಲ್ಲಿ ನನ್ನ ಹೆಂಡತಿ ಸರೋಜಳೂ ಒಬ್ಬಳು. ಇಷ್ಟು ಗಾಢ ಮೌನದ ಹಿಂದೆ ಗಾಢವಾದ ಅಂತರಂಗ ಇಲ್ಲದಿರುತ್ತದೆಯೇ? ಮದರಾಸಿನಲ್ಲಿ ಕೂತು ಮೈಸೂರಿನ ಕಡೆಯ ಕಥೆ ಬರೆಯುವವನಿಗೆ ಕಣ್ಣೆದುರು ಸಿಕ್ಕ ಕಲ್ಲೇ ದೇವರು.

ಒಂದು ಅನುಮಾನ ಮಾತ್ರ ಆಗಾಗ ಕಾಡುತ್ತಿತ್ತು. ನಮ್ಮ ಜನಪದರು ಬೀಸುವ ಕಲ್ಲಿಗೆ ಹಾಡು ಕಟ್ಟಿದ್ದಾರೆ, ಕುಟ್ಟುವ ಒನಕೆಗೆ ಕಟ್ಟಿದ್ದಾರೆ. ರುಬ್ಬುವ ಕಲ್ಲಿನ ಮುಂದೆ ಯಾರೂ ಹಾಡಿದ್ದನ್ನು ನಾನಂತೂ ಕೇಳಿಲ್ಲ. ತವರನ್ನು, ಅಣ್ಣನನ್ನು, ಅತ್ತೆಯ ಕಾಟವನ್ನು ರಾಗಿಯ ಜೊತೆ ಬೀಸಿ ಹಾಕಿದ ಹೆಣ್ಣು, ಉದ್ದಿನಬೇಳೆಯ ಎದುರು ಬಂದೊಡನೆ ಯಾಕೆ ಬಾಯಿ ಮುಚ್ಚಿಕೊಂಡಳು? ದುಃಖ ರಾಗಿಯ ಕಾಲದಲ್ಲಿ ಹಾಡಾಗಿತ್ತು, ಇಡ್ಲಿಯ ಕಾಲಕ್ಕೆ ಸ್ವಗತವಾಯಿತು ಎಂದು ನಾನೊಂದು ಸಿದ್ಧಾಂತ ಮಾಡಿಕೊಂಡಿದ್ದೆ. ಕನ್ನಡ ಸಂಘದ ಭಾಷಣವೊಂದರಲ್ಲಿ ಇದನ್ನು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಅಷ್ಟರಲ್ಲಿ ಊರಿಗೆಲ್ಲ ಗ್ರೈಂಡರ್ ಬಂತು. ಮೊದಲು ಮುಂದಿನ ಪೋರ್ಷನ್ನಿನ ಮಾಮಿಯ ಮನೆಗೆ, ಆಮೇಲೆ ಪಕ್ಕದವರ ಮನೆಗೆ. ಹಳೆಯ ಕಲ್ಲಿನಲ್ಲಿ ಒರಳು ಕೂತಿರುತ್ತದೆ, ಗುಂಡು ತಿರುಗುತ್ತದೆ. ಗ್ರೈಂಡರಿನಲ್ಲಿ ಗುಂಡು ಕೂತಿರುತ್ತದೆ, ಒರಳೇ ತಿರುಗುತ್ತದೆ. ಲೋಕ ತಲೆಕೆಳಗಾಗುವುದು ಎಂದರೆ ಇಷ್ಟೇ ಇರಬೇಕು, ಇಡ್ಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಿತ್ತಲಿನ ಕಲ್ಲಿಗೆ ಉಳಿದವಳು ಸರೋಜ ಒಬ್ಬಳೇ.

"ರೀ, ಭುಜ ಹಿಡ್ಕೊಂಡಿದೆ. ನಮಗೂ ಒಂದು ಗ್ರೈಂಡರ್ ಬೇಕು" ಎಂದಳು.

"ಕಲ್ಲಲ್ಲಿ ರುಬ್ಬಿದ ರುಚಿ ಬರುತ್ಯೇ?" ಎಂದೆ. ರುಚಿ ಒಂದು ನೆಪ. ಕಲ್ಲು ಹೋದರೆ ನನ್ನ ನಾಯಕಿಯರು ಎಲ್ಲಿ ಕೂತು ಯೋಚಿಸಬೇಕು ಎಂಬುದೇ ನನ್ನ ಭಯ.

ಆಗ ಬೆಂಗಳೂರಿನ ಪತ್ರಿಕೆಯೊಂದರ ದೀಪಾವಳಿ ವಿಶೇಷಾಂಕಕ್ಕೆ ಸುಮಿತ್ರೆ ಎಂಬವಳ ಕಥೆ ಬರೆಯುತ್ತಿದ್ದೆ. ಕಾಲಕ್ಕೆ ತಕ್ಕ ಕೋಲ ಎಂದು ಈ ಸಲ ಅವಳನ್ನು ಮದರಾಸಿನಲ್ಲೇ ಇಟ್ಟಿದ್ದೆ. ಆಫೀಸಿನಲ್ಲಿ ಟೈಪಿಸ್ಟು, ಮೂರನೇ ಮಹಡಿಯಲ್ಲಿ ಮನೆ. ಬೊಂಬಾಯಿಗೆ ಬಡ್ತಿ ಬಂದಿದೆ, ಗಂಡನಿಗೆ ಇಷ್ಟವಿಲ್ಲ. ಹೋಗಬೇಕೋ ಬೇಡವೋ? ಬರೆದದ್ದನ್ನು ಸರೋಜಳಿಗೆ ಓದಿ ಹೇಳುವುದು ನನ್ನ ರೂಢಿ. ತಮಿಳು ಶಾಲೆಯಲ್ಲಿ ಕಲಿತ ಮಗಳು ಮಾಲಿನಿಗೆ ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದೆ. ಅವಳೂ ಬಂದು ಕೂತಳು. ಸುಮಿತ್ರೆ ಉದ್ದು ನೆನೆಹಾಕಿ, ತೊಳೆದು, ರುಬ್ಬಲು ಕೂತು ಒಂದೂವರೆ ಪುಟವಾಗಿತ್ತು.

"ಅಪ್ಪಾ, ಅಂದ ಮಾಮಿ ಇನ್ನುಮ್ ಮಾವು ಅರೆಚ್ಚು ಮುಡಿಕ್ಕಲಿಯಾ?" ಎಂದಳು ಮಾಲಿನಿ. ಆ ಮಾಮಿ ಹಿಟ್ಟು ರುಬ್ಬಿ ಇನ್ನೂ ಮುಗಿಸಿಲ್ಲವೇ ಎಂದು.

ಸರೋಜ ಅದಕ್ಕೆ ಒಗ್ಗರಣೆ ಹಾಕಿದಳು: "ಅದಿರಲಿ, ಮೂರನೇ ಮಹಡಿಗೆ ಒರಳುಕಲ್ಲನ್ನ ಯಾರು ಹೊತ್ಕೊಂಡು ಹೋದ್ರು?"

ಕಥೆ ಅಲ್ಲಿಗೆ ನಿಂತಿತು. ಸಂಪಾದಕರು ಕೊಟ್ಟ ಗಡುವು ಹತ್ತಿರವಾಗುತ್ತಿತ್ತು. ಸುಮಿತ್ರೆಗೆ ಏನು ಹೊಳೆಯುತ್ತದೆಂದು ನನಗೆ ಹೊಳೆಯಲಿಲ್ಲ. ಕೊನೆಗೆ ಒಂದು ಶನಿವಾರ ಸಂಜೆ, "ಇವತ್ತು ನಾನು ರುಬ್ತೀನಿ" ಎಂದು ಘೋಷಿಸಿದೆ. ಸರೋಜ ನನ್ನ ಹಣೆ ಮುಟ್ಟಿ ನೋಡಿದಳು. ಒರಳಿಗೆ ತಲೆ ಕೊಟ್ಟ ಮೇಲೆ ಒನಕೆಯ ಪೆಟ್ಟಿಗೆ ಅಂಜಿದರಾದೀತೇ ಎಂದು ಪಂಚೆ ಎತ್ತಿ ಕಟ್ಟಿ ಕೂತೆ. ನಾನು ಕೊಟ್ಟದ್ದು ತಲೆಯನ್ನಲ್ಲ, ಬೆರಳನ್ನು. ಬಲಗೈ ಗುಂಡನ್ನು ತಿರುಗಿಸಬೇಕು, ಎಡಗೈ ಅದರ ಬುಡಕ್ಕೆ ಹಿಟ್ಟು ತಳ್ಳಬೇಕು, ಗುಂಡು ಬರುವಷ್ಟರಲ್ಲಿ ಕೈ ಈಚೆಗೆ ಬರಬೇಕು. ಸುಮಿತ್ರೆ ಹೋದಳು, ಬೊಂಬಾಯಿ ಹೋಯಿತು. ಲೋಕದಲ್ಲಿ ಉಳಿದದ್ದು ನನ್ನ ಎಡಗೈಯ ಬೆರಳುಗಳು ಮಾತ್ರ. ಸ್ವಲ್ಪ ಹೊತ್ತಿನಲ್ಲಿ ಅವುಗಳಲ್ಲೊಂದು ಜಜ್ಜಿಯೂ ಹೋಯಿತು.

ಸರೋಜ ಅರಿಸಿನ ಹಚ್ಚುತ್ತಾ ಕೇಳಿದಳು: "ಏನಾದ್ರೂ ಹೊಳೀತಾ?"

"ಏನೂ ಇಲ್ಲ ಕಣೇ. ಬರೀ ಬೆರಳಿನದೇ ಯೋಚನೆ."

"ನನಗೂ ಮದುವೆ ಆದಾಗಿನಿಂದ ಅಷ್ಟೇ."

ನನ್ನ ಸಿದ್ಧಾಂತ, ಸ್ವಗತ, ಚಪ್ಪಾಳೆ ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ಬೆರಳಿಗಿಂತ ಹೆಚ್ಚು ನೋವು ಅದರಿಂದಲೇ ಆಯಿತು. "ಮತ್ತೆ ನಿನಗೆ ಇಷ್ಟು ಕಥೆ ಓದಿ ಹೇಳಿದೆನಲ್ಲ, ಒಂದು ದಿನವಾದ್ರೂ ಹೇಳಬಾರದಾಗಿತ್ತೇ?"

"ಚೆನ್ನಾಗಿದೆಯಾ ಅಂತ ಕೇಳಿದ್ರಿ. ಚೆನ್ನಾಗಿತ್ತು, ಚೆನ್ನಾಗಿದೆ ಅಂದೆ. ನಿಜಾನಾ ಅಂತ ಕೇಳಿದ್ರಾ?"

ಮುಂದಿನ ವಾರವೇ ಗ್ರೈಂಡರ್ ಬಂತು. ಅಕ್ಕಿ, ಉದ್ದು ಸುರಿದು, ಆಗಾಗ ಒಂದು ಲೋಟ ನೀರು ಹಾಕಿದರೆ ಮುಗಿಯಿತು. ಹಿಟ್ಟಾಗುವತನಕ ಸರೋಜ ಸೆರಗಿಗೆ ಕೈ ಒರೆಸಿಕೊಂಡು ಗೋಡೆಗೊರಗಿ ನಿಲ್ಲತೊಡಗಿದಳು. ಒಂದು ಸಂಜೆ ನೋಡುತ್ತೇನೆ, ಕಣ್ಣು ಎಲ್ಲೋ ದೂರದಲ್ಲಿ, ತುಟಿಯಲ್ಲಿ ಏನೋ ಸಣ್ಣ ನಗೆ. ನಾನು ಇಷ್ಟು ವರ್ಷ ಕಲ್ಲಿನ ಮುಂದೆ ಹುಡುಕುತ್ತಿದ್ದ ಮುಖ ಅದು.

"ಏನು ಮಾಡ್ತಿದ್ದೀಯೇ?"

"ಯೋಚನೆ ಮಾಡ್ತಿದ್ದೀನಿ. ಈಗ ಕೈ ಬಿಡುವಾಗಿದೆಯಲ್ಲ."

"ಏನು ಯೋಚನೆ?"

"ಅದನ್ನ ಮಾತ್ರ ಹೇಳಲ್ಲಪ್ಪ. ಹೇಳಿದ್ರೆ ದೀಪಾವಳಿಗೆ ಅಚ್ಚಾಗಿಬಿಡುತ್ತೆ."

ಆ ರಾತ್ರಿಯೇ ಕಥೆ ಮುಗಿಸಿದೆ. ಸುಮಿತ್ರೆಯನ್ನು ಮೂರನೇ ಮಹಡಿಯ ಅಡಿಗೆಮನೆಯಲ್ಲಿ, ತಿರುಗುವ ಗ್ರೈಂಡರಿನ ಪಕ್ಕ ಗೋಡೆಗೊರಗಿಸಿ ನಿಲ್ಲಿಸಿದೆ. ಅವಳ ತುಟಿಗೆ ಒಂದು ಸಣ್ಣ ನಗೆಯನ್ನಿಟ್ಟೆ. ಏನು ಯೋಚಿಸಿದಳೆಂದು ಬರೆಯದೆ ಪೂರ್ಣವಿರಾಮ ಹಾಕಿದೆ. ನಾನು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯ ಕಥೆ ಎನ್ನುತ್ತಾರೆ. ವಿಮರ್ಶಕರೊಬ್ಬರು ಆ ಮುಕ್ತಾಯದಲ್ಲಿ ಅಪೂರ್ವವಾದ ಧ್ವನಿಯಿದೆ, ಲೇಖಕರು ತಿಳಿದೂ ಹೇಳದೆ ಉಳಿಸಿದ್ದಾರೆ ಎಂದು ಹೊಗಳಿದರು.

ತಿಳಿದಿದ್ದರೆ ಬರೆಯದೆ ಬಿಡುತ್ತಿದ್ದೆನೇ? ಸರೋಜ ಇಂದಿಗೂ ಹೇಳಿಲ್ಲ.