ಲ್ಯಾಕ್ರೋಸ್ ಕೋಚ್ ಸೋತ ಪಂದ್ಯ

ನನ್ನ ಮಗನ ಕೋಚ್ ಕಾರಿನಿಂದ ಇಳಿಯುವುದನ್ನು ನೋಡಿದರೇ ನಮಗೆ ಆಯಾಸವಾಗುತ್ತಿತ್ತು. ಮೊದಲು ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ ಹೊರಗಿಡುವರು. ಆಮೇಲೆ ಬಾಗಿಲು ಹಿಡಿದು, ಉಸಿರು ಬಿಟ್ಟು, ನಿಧಾನವಾಗಿ ಎದ್ದು ನಿಲ್ಲುವರು. ವಯಸ್ಸು ನಲವತ್ತೈದರ ಆಸುಪಾಸು. ಮೂಗು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾವಿದ್ದ ಸ್ಯಾನ್ ಮಟಿಯೋ ಊರಿನಲ್ಲಿ ಲ್ಯಾಕ್ರೋಸ್ ಗೊತ್ತಿದ್ದವರೇ ಕಡಿಮೆ. ಉದ್ದ ಕೋಲಿನ ತುದಿಯ ಬಲೆಯಲ್ಲಿ ಚೆಂಡು ಹಿಡಿದು ಓಡುವ, ಒಬ್ಬರ ಮೇಲೊಬ್ಬರು ನುಗ್ಗುವ ಆಟ. ಹಾಸನದಲ್ಲಿ ಬೆಳೆದ ನನಗೆ ಅದು ಹೊಡೆದಾಟದಂತೆಯೇ ಕಾಣುತ್ತಿತ್ತು. ದಿನವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ ನಿಂತು, ಫ್ರೀವೇಯ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬಂದು, ಮೈದಾನದ ಬೆಂಚಿನ ಮೇಲೆ ಕುಸಿಯುತ್ತಿದ್ದೆ. ಅಭ್ಯಾಸ ಮುಗಿದ ಮೇಲೆ ಕೋಚ್ ಕೂಡ ಅಲ್ಲಿಗೇ ಬಂದು, ಹುಡುಗರ ಹರಿದ ಬಲೆಗಳಿಗೆ ದಾರ ಬಿಗಿಯುತ್ತ ಕೂರುವರು. "ಚೆಂಡಿನ ಜೊತೆ ಜಗಳ ಆಡಬೇಡಿ. ಬರ್ತಿದೆ, ಬರಲಿ ಬಿಡಿ, ಕೈ ಸ್ವಲ್ಪ ಹಿಂದೆ ತಗೊಳ್ಳಿ," ಎಂದು ಹುಡುಗರಿಗೆ ಹೇಳುತ್ತಲೇ ಇರುತ್ತಿದ್ದರು. ಅವರ ಇಂಗ್ಲಿಷು ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿದೆ.

ಒಂದು ಸಂಜೆ ಅವರ ಆಟದ ದಿನಗಳ ಬಗ್ಗೆ ಕೇಳಿದೆ. ಸಂಬಳಕ್ಕೆ ಆಡಿದವರು ಅವರು. ಅವರು ಆಡುತ್ತಿದ್ದ ವೃತ್ತಿಪರ ಲೀಗು ಹೆಚ್ಚು ಕಾಲ ಬಾಳದೆ ಮುಚ್ಚಿಹೋಗಿತ್ತು.

"ಕೊನೇ ಸೀಸನ್ನಲ್ಲಿ ತಲೆಗೆ ಪೆಟ್ಟು ಬಿತ್ತು. ಎದ್ದು ಮತ್ತೆ ಆಡಿದೆ. ಗೆಲ್ಲಿಸಿದ ಗೋಲು ನಾನೇ ಹೊಡೆದೆನಂತೆ."

"ಅಂತೆ ಅಂದ್ರೆ?"

"ನನಗೆ ನೆನಪಿಲ್ಲ. ಜನ ಹೇಳಿದ್ದು."

ಆ ವರ್ಷದ ಫೈನಲ್ ಪ್ಲೆಸೆಂಟನ್‌ನಲ್ಲಿ ನಡೆಯಿತು. ಸೋತರೆ ತಂಡ ನಡೆಸುತ್ತಿದ್ದ ಕ್ಲಬ್ಬಿನವರು ಕೋಚನ್ನು ಬದಲಿಸುತ್ತಾರೆಂಬುದು ಎಲ್ಲರಿಗೂ ತಿಳಿದಿತ್ತು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ನನ್ನ ಮಗ ಎದುರಾಳಿಗೆ ಡಿಕ್ಕಿ ಹೊಡೆದು ಬಿದ್ದ, ತಕ್ಷಣ ಎದ್ದ. ಕೋಚ್ ಅವನನ್ನು ಹೊರಗೆ ಕರೆದು, ಹೆಲ್ಮೆಟ್ ಬಿಚ್ಚಿಸಿ, ಕಣ್ಣು ನೋಡಿದರು. "ಸ್ಕೋರ್ ಎಷ್ಟು?" ಎಂದು ಕೇಳಿದರು. ಮಗ ತಡವರಿಸಿದ.

"ಕೂತ್ಕೋ."

"ಐಯಾಮ್ ಫೈನ್, ಕೋಚ್," ಎಂದು ಮಗ ಅಳತೊಡಗಿದ. ಹಿಂದಿನಿಂದ ಇನ್ನೊಬ್ಬ ಹುಡುಗನ ತಂದೆ, "ಅವನಿಲ್ಲದೆ ಗೆಲ್ಲಕ್ಕಾಗಲ್ಲ, ಒಳಗೆ ಕಳಿಸಿ," ಎಂದರು. ಕೋಚ್ ತಿರುಗಿ ನೋಡಲಿಲ್ಲ. ಕುಂಟುತ್ತ ಬಂದು ಹೆಲ್ಮೆಟ್ಟನ್ನು ನನ್ನ ಮಡಿಲಲ್ಲಿಟ್ಟರು.

"ಅವನು ಕೇಳಿದರೂ ಕೊಡಬೇಡಿ," ಎಂದರು.

ಒಂದು ಗೋಲಿನಿಂದ ಸೋತೆವು. ಮನೆ ತಲುಪುವ ಮೊದಲೇ ಮಗ ಕಾರಿನಲ್ಲಿ ವಾಂತಿ ಮಾಡಿಕೊಂಡ. ಮೆದುಳಿಗೆ ಪೆಟ್ಟಾಗಿದೆ, ಇನ್ನೊಂದು ಏಟು ಬಿದ್ದಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರು. ಬೇಸಿಗೆಯಲ್ಲಿ ಕ್ಲಬ್ಬು ಹೊಸ ಕೋಚನ್ನು ತಂದಿತು. ನಾನು ಫೋನ್ ಮಾಡಿದಾಗ ಅವರು, "ಬಿಡಿ, ನನಗೂ ಸಾಕಾಗಿತ್ತು," ಎಂದಷ್ಟೇ ಹೇಳಿದರು.

ಮಗನ ಸಿಟ್ಟು ಬಹಳ ವರ್ಷ ಇಳಿಯಲಿಲ್ಲ. ತನಗೇ ಮಗಳು ಹುಟ್ಟಿದ ಮೇಲೆ, "ಅಮ್ಮ, ಕೋಚನ್ನ ನೋಡಕ್ಕೆ ಹೋಗೋಣ," ಎಂದ. ಅವರು ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳ ಮುಂಚಿನ ಮಾತು ಅದು. ಲಾಸ್ ಗ್ಯಾಟೋಸ್‌ನಲ್ಲಿ, ತಮ್ಮ ತಂಗಿಯ ಮನೆಯಲ್ಲಿದ್ದರು. ನೆನಪಿನ ಶಕ್ತಿ ಪೂರ್ತಿ ಕುಂದಿತ್ತು. ನಮ್ಮಿಬ್ಬರ ಗುರುತೂ ಹತ್ತಲಿಲ್ಲ.

ಮಗ ಅವರ ಕುರ್ಚಿಯ ಬಳಿ ನೆಲದ ಮೇಲೆ ಕೂತು, "ನಾನು ನಿಮ್ಮ ಟೀಮಲ್ಲಿ ಆಡ್ತಿದ್ದೆ, ಕೋಚ್," ಎಂದ.

ಅವರು ಅವನ ಕಡೆಗೆ ಬಾಗಿದರು. "ನಾನು ನಿನ್ನ ಚೆನ್ನಾಗಿ ನೋಡ್ಕೊಂಡ್ನಾ?" ಎಂದು ಕೇಳಿದರು.

ಮಗ ಅವರ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. "ನೋಡ್ಕೊಂಡ್ರಿ," ಎಂದೆ ನಾನು.