ಬೆರಿಲ್ ಬಿಚ್ಚಿದ ಬ್ಲಿಟ್ಜ್

ನಮ್ಮ ಕ್ವಾರ್ನ್ ಊರಿನಲ್ಲಿ ವರ್ನ್ ಟ್ರೆಜೈಸ್‌ನ ಟ್ರಕ್ಕು ಬರುತ್ತಿದೆಯೆಂದರೆ ನಾಯಿಗಳು ಕೂಡ ರಸ್ತೆ ಬಿಟ್ಟು ಅಂಗಡಿಗಳ ಜಗಲಿ ಹತ್ತುತ್ತಿದ್ದವು. ಎಲ್ಲರೂ ಬ್ಲಿಟ್ಜ್ ಎಂದು ಕರೆಯುತ್ತಿದ್ದ ಆ ಮೊಂಡು ಮೂತಿಯ ಗಾಡಿಯನ್ನು ಅವನು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರ ಹರಾಜಿನಲ್ಲಿ ಕೊಂಡು ತಂದಿದ್ದ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಎಳೆತವಿದ್ದದ್ದರಿಂದ ಮರಳಿನ ಹಳ್ಳ, ಕಲ್ಲುಗುಡ್ಡ ಯಾವುದಕ್ಕೂ ಅದು ಹೆದರುತ್ತಿರಲಿಲ್ಲ. ಹೆದರಬೇಕಾದವರು ನಾವು. ಸ್ಟಿಯರಿಂಗನ್ನು ಅರ್ಧ ಸುತ್ತು ತಿರುಗಿಸಿದ ಮೇಲಷ್ಟೇ ಮುಂದಿನ ಚಕ್ರಗಳಿಗೆ ಸುದ್ದಿ ಮುಟ್ಟುತ್ತಿತ್ತು. ಬ್ರೇಕು ಮೂರನೆಯ ತುಳಿತಕ್ಕೆ ಹಿಡಿಯುತ್ತಿತ್ತು, ಅದೂ ಎಡಗಡೆ ಮಾತ್ರ. ಪಬ್ಬಿನ ಮುಂದೆ ನಿಲ್ಲಿಸಬೇಕಾದರೆ ವರ್ನ್ ರೈಲ್ವೆ ಸ್ಟೇಷನ್ನಿನ ಹತ್ತಿರದಿಂದಲೇ ತುಳಿಯಲು ಶುರು ಮಾಡುತ್ತಿದ್ದ.

"ರಿಪೇರಿ ಮಾಡಿಸಯ್ಯಾ" ಎಂದು ಯಾರಾದರೂ ಹೇಳಿದರೆ ಅವನಿಗೆ ಮೂಗಿನ ಮೇಲೆ ಕೋಪ. "ಅದಕ್ಕೇನಾಗಿದೆ? ಅದರ ಮನಸ್ಸು ನನಗೊಬ್ಬನಿಗೇ ಗೊತ್ತು."

ಆ ಒಂದು ಮಾತಿನಿಂದಲೇ ಅವನ ಹೆಂಡತಿ ಬೆರಿಲ್ ಮೂವತ್ತು ಚಿಲ್ಲರೆ ವರ್ಷ ಆ ಟ್ರಕ್ಕಿನ ಚಾಲಕನ ಸೀಟಿನಲ್ಲಿ ಕೂತಿರಲಿಲ್ಲ. ಅವರಿಗೆ ಬೇರೆ ಗಾಡಿ ಇರಲಿಲ್ಲ. ಬೆರಿಲ್ ಏನು ಮೆತ್ತನೆಯ ಹೆಂಗಸಲ್ಲ. ಮದುವೆಗೆ ಮುಂಚೆಯೂ ಆಮೇಲೂ ಕುರಿ ಉಣ್ಣೆ ಕತ್ತರಿಸುವವರ ತಂಡಗಳಿಗೆ ಅಡುಗೆ ಮಾಡಿಕೊಂಡು ಊರೂರು ಅಲೆದವಳು. ಸಾರು ಸಪ್ಪೆ ಎಂದ ಒಬ್ಬ ದಾಂಡಿಗನ ತಲೆಯ ಮೇಲೆ ಆ ಸಾರನ್ನೇ ಸುರಿದು, "ಈಗ ನೋಡು, ನಿನ್ನ ಉಪ್ಪೂ ಸೇರ್ತು" ಎಂದವಳು. ಆದರೂ ಟ್ರಕ್ಕಿನ ವಿಷಯದಲ್ಲಿ ಮಾತ್ರ ಗಂಡನ ಮಾತು ಮೀರದೆ, ಚೀಲ ಹೊತ್ತು ನಡೆದೇ ಅಂಗಡಿಗೆ ಹೋಗಿಬರುತ್ತಿದ್ದಳು.

ಆ ವರ್ಷ ಬೇಸಗೆ ಮುಗಿಯುವ ಹೊತ್ತಿಗೆ ವರ್ನ್ ಕೋಳಿಗೂಡಿನ ಮಾಡಿನಿಂದ ಬಿದ್ದು ಸೊಂಟದ ಕೀಲು ಮುರಿದುಕೊಂಡ. ದೂರದ ಅಡಿಲೇಡ್ ನಗರದಲ್ಲಿ ಆಪರೇಷನ್ ಆಗಿ, ಆಮೇಲೆ ಅಲ್ಲೇ ತಂಗಿಯ ಮನೆಯಲ್ಲಿ ಉಳಿದ. ಅವನನ್ನು ನೋಡಿಬರಲು ಬೆರಿಲ್ ನನ್ನ ಪುಟ್ಟ ಕಾರಿನಲ್ಲಿ ಬಂದಳು. ನಾನು ಎದುರು ಮನೆಯವಳು, ಐವಿ. ವಾಪಸು ಬಂದು ಮನೆಯ ಮುಂದೆ ಇಳಿದ ಬೆರಿಲ್, "ಐವಿ, ಶೆಡ್ಡಲ್ಲಿ ಗಾಡಿ ಇದೆ. ನಾನು ಗಂಡನ್ನ ನೋಡೋಕೆ ನಿನ್ನ ಹತ್ರ ಬೇಡಬೇಕು. ಇದು ಯಾವ ನ್ಯಾಯ ಕಣೇ?" ಎಂದಳು.

ಮಾರನೆಯ ದಿನ ಕ್ಲೆಮ್ ನೊಸ್ಕೆಯನ್ನು ಕರೆಸಿದಳು. ಕ್ಲೆಮ್ ವರ್ನ್‌ನ ಜೀವದ ಗೆಳೆಯ, ಹೆಂಡತಿ ತೀರಿಕೊಂಡವನು, ರೈಲ್ವೆಯ ಫಿಟ್ಟರ್ ಕೆಲಸದಿಂದ ನಿವೃತ್ತನಾದವನು. ಬಾಯ್ಲರುಗಳ ನಡುವೆ ದುಡಿದೂ ದುಡಿದೂ ಕಿವಿ ಅರ್ಧ ಹೋಗಿತ್ತು.

"ವರ್ನ್‌ಗೆ ಗೊತ್ತಾದ್ರೆ ನನ್ನ ಕೊಂದೇ ಬಿಡ್ತಾನೆ" ಎಂದ ಕ್ಲೆಮ್.

"ಕುಂಟುಕಾಲಲ್ಲಿ ಅಟ್ಟಿಸಿಕೊಂಡು ಬರಬೇಕಲ್ಲ, ನೀನು ಓಡಬಹುದು. ಜಾಕ್ ತಗೋ."

ಮುಂದಿನ ಚಕ್ರಗಳನ್ನು ಬಿಚ್ಚಿದಾಗ ಬ್ರೇಕ್ ಡ್ರಮ್ಮುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸುತ್ತಿಗೆಯಿಂದ ಬಡಿದು ಎಬ್ಬಿಸಿದರೆ, ಒಳಗಿನ ಸಿಲಿಂಡರುಗಳು ಸೋರಿ, ಡ್ರಮ್ಮನ್ನು ಒತ್ತಿ ಹಿಡಿಯಬೇಕಾದ ಬ್ರೇಕ್ ಶೂಗಳು ಎಣ್ಣೆಯಲ್ಲಿ ನೆನೆದು ಕೂತಿದ್ದವು. ಆದರೆ ನಿಜವಾದ ತಮಾಷೆ ಇದ್ದದ್ದು ಸ್ಟಿಯರಿಂಗಿನಲ್ಲಿ. ಸ್ಟಿಯರಿಂಗ್ ಬಾಕ್ಸಿನ ಮುಚ್ಚಳ ತೆಗೆದ ಬೆರಿಲ್ ಮೂಗಿನ ಹತ್ತಿರ ಬೆರಳು ತಂದು ಮೂಸಿದಳು.

"ಇದು ಗ್ರೀಸ್ ಅಲ್ಲ. ಇದು ನನ್ನ ಕುರಿ ಕೊಬ್ಬು! ಹುರಿಯೋಕೆ ಅಂತ ಡಬ್ಬೀಲಿ ಎತ್ತಿಟ್ಟಿದ್ದು!"

ಕೆಳಗೆ ಚಕ್ರಗಳನ್ನು ಕೂಡಿಸುವ ಸರಳಿನ ಕೀಲಿನಲ್ಲಿ, ಸವೆದ ಜಾಗ ತುಂಬಲು, ದುಂಡಗೆ ಕತ್ತರಿಸಿದ ಕೆಂಪು ಚರ್ಮದ ಬಿಲ್ಲೆಗಳು. ಹಿಂದೆಂದೋ ಕಾಣೆಯಾಗಿದ್ದ, ಅವಳು ಚರ್ಚಿಗೆ ಒಯ್ಯುತ್ತಿದ್ದ ಕೆಂಪು ಕೈಚೀಲ ಎಲ್ಲಿ ಹೋಯಿತೆಂದು ಆಗ ತಿಳಿಯಿತು. ಪಿನ್ ಇರಬೇಕಾದ ಕಡೆ ಬಗ್ಗಿಸಿ ಸಿಕ್ಕಿಸಿದ್ದದ್ದು ಅವಳ ಸ್ವೆಟರ್ ಹೆಣೆಯುವ ಕಡ್ಡಿ. ಬೆರಿಲ್ ಒಂದೊಂದನ್ನೂ ಒರೆಸಿ ಬೆಂಚಿನ ಮೇಲೆ ಜೋಡಿಸಿ, ಚಹಾ ತಂದಿದ್ದ ನನ್ನ ಕಡೆ ತಿರುಗಿದಳು. "ಇಷ್ಟು ವರ್ಷ ಇವನು ನನಗೆ ಗಾಡಿ ಮುಟ್ಟೋಕೆ ಬಿಡಲಿಲ್ಲ ಅಂತ ಅಂದ್ಕೊಂಡಿದ್ದೆ. ಗಾಡೀಲಿ ಅರ್ಧ ನಾನೇ ಇದೀನಲ್ಲೇ!"

ಊರಿನ ಮೇಲ್ಗಡೆಯ ಕುರಿ ಫಾರ್ಮೊಂದರಲ್ಲಿ ಹಳ್ಳದ ದಂಡೆಗೆ ಅಂಥದೇ ಇನ್ನೊಂದು ಬ್ಲಿಟ್ಜ್ ಸತ್ತು ಬಿದ್ದಿತ್ತು. ಅದರಿಂದ ಸ್ಟಿಯರಿಂಗಿನ ಒಳ್ಳೆಯ ಹಲ್ಲುಗಳೂ ಕೀಲುಗಳೂ ಸಿಕ್ಕವು. ಸಿಲಿಂಡರಿನ ರಬ್ಬರುಗಳು ಅಡಿಲೇಡ್‌ನಿಂದ ಅಂಚೆಯಲ್ಲಿ ಬಂದವು. ವಾರಕ್ಕೊಮ್ಮೆ ಕ್ಲೆಮ್ ವರ್ನ್‌ನನ್ನು ನೋಡಿಬರಲು ಬಸ್ಸಿನಲ್ಲಿ ಹೋಗುತ್ತಿದ್ದ. ಗುಟ್ಟು ಬಾಯಿಗೆ ಬರುತ್ತಿದೆ ಎನ್ನಿಸಿದಾಗಲೆಲ್ಲ, ರೋಗಿಗೆಂದು ಬೆರಿಲ್ ಕಟ್ಟಿಕೊಟ್ಟ, ಮಾಂಸ ಆಲೂಗಡ್ಡೆ ತುಂಬಿದ ಪೇಸ್ಟಿ ಎಂಬ ಕಡುಬನ್ನು ತನ್ನ ಬಾಯಿಗೇ ತುರುಕಿಕೊಳ್ಳುತ್ತಿದ್ದ. ಹಾಸಿಗೆಯಲ್ಲಿದ್ದ ವರ್ನ್ ಬಡಕಲಾದ, ಕ್ಲೆಮ್ ಉಬ್ಬಿದ.

ಕೊನೆಗೆ ಬ್ರೇಕಿನ ಪೈಪುಗಳಿಂದ ಗಾಳಿ ತೆಗೆಯುವ ದಿನ ಬಂತು. ಒಬ್ಬರು ಮೇಲೆ ಕೂತು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ನಟ್ಟು ಸಡಿಲಿಸಿ ಗುಳ್ಳೆ ಹೊರಗೆ ಬಿಡಬೇಕು. ಹೊರಗೆ ಧೂಳುಗಾಳಿ ಎದ್ದಿತ್ತು, ಶೆಡ್ಡಿನ ಬಾಗಿಲು ಹಾಕಿಕೊಂಡಿದ್ದರು. ನಾನು ಬೇಲಿಯ ಬಳಿ ಹಾರಿಹೋದ ಬಟ್ಟೆ ಆರಿಸುತ್ತಿದ್ದೆ. ಚರ್ಚಿಗೆ ಹೂ ಜೋಡಿಸುವ ಮಿಸೆಸ್ ಹಾಕಿಂಗ್ ಅದೇ ಹೊತ್ತಿಗೆ ಆ ದಾರಿಯಲ್ಲಿ ಬಂದಳು.

ಒಳಗಿನಿಂದ ಕ್ಲೆಮ್‌ನ ದನಿ: "ಒತ್ತು! ಗಟ್ಟಿಯಾಗಿ ಒತ್ತು ಬೆರಿಲ್! ಬಿಡಬೇಡ!"

"ಕಾಲು ನೋಯ್ತಾ ಇದೆ ಮುದುಕಾ!"

"ಆಯ್ತು ಆಯ್ತು, ಇನ್ನೊಂದೇ ಸಲ!"

"ಇನ್ನೊಂದೇ ಸಲ ಅಂತ ಬೆಳಗಿಂದ ಹೇಳ್ತಾನೇ ಇದೀಯ!"

ಮಿಸೆಸ್ ಹಾಕಿಂಗ್ ಹೂವಿನ ಗೊಂಚಲನ್ನು ಎದೆಗೆ ಅವುಚಿಕೊಂಡು ನಿಂತಳು. "ಐವಿ... ಒಳಗೆ ಯಾರಿದಾರೆ?"

ನಾನು ಸುಳ್ಳು ಹೇಳಲಿಲ್ಲ. "ಬೆರಿಲ್ಲು, ಕ್ಲೆಮ್ಮು. ಪಾಪ, ದಿನಾ ಬರ್ತಾನೆ. ಅವಳಿಗೂ ಒಬ್ಬಳಿಗೇ ಆಗೋ ಕೆಲಸ ಅಲ್ಲವಲ್ಲ" ಎಂದೆ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ನಾನು ಹೋಗಿ ಹೇಳಿದಾಗ ಬೆರಿಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇರಲಿ ಬಿಡೇ. ಎಲ್ಲರೂ ಅದನ್ನೇ ಮಾತಾಡ್ತಿದ್ರೆ ಟ್ರಕ್ಕಿನ ಸುದ್ದಿ ಯಾರೂ ಕೇಳಲ್ಲ. ಅದೂ ಅಲ್ದೆ, ಈ ವಯಸ್ಸಲ್ಲಿ ಇಂಥಾ ಹೆಸರು ಸುಮ್ಮನೆ ಬರುತ್ತಾ?" ಕ್ಲೆಮ್‌ಗೆ ಸುದ್ದಿಯನ್ನು ಕೂಗಿಯೇ ಹೇಳಬೇಕಾಯಿತು. ಅವನು ಕೆಂಪಾದ. ಮರುದಿನದಿಂದ ಗ್ರೀಸ್ ಕೆಲಸಕ್ಕೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬರತೊಡಗಿದ.

ಯಾರೋ ಪುಣ್ಯಾತ್ಮರು ಅಡಿಲೇಡ್‌ಗೆ ಫೋನು ಮಾಡಿದರು. ವರ್ನ್ ಡಾಕ್ಟರನ್ನೂ ಕೇಳದೆ, ತಂಗಿಗೂ ಹೇಳದೆ, ಊರುಗೋಲು ಹಿಡಿದು ಬಸ್ಸು ಹತ್ತಿದ. ಬಸ್ಸಿಳಿದವನು ಮನೆಯೊಳಕ್ಕೂ ಹೋಗದೆ ನೇರವಾಗಿ ಶೆಡ್ಡಿನ ಬಾಗಿಲು ದೂಡಿದ. ಅವನ ಮುಖ ನೋಡಿಯೇ ನಾನು ಹಿಂದಿನಿಂದ ಓಡಿದೆ. ಟ್ರಕ್ಕಿನ ಕೆಳಗಿನಿಂದ ಕ್ಲೆಮ್‌ನ ಎರಡು ಕಾಲು ಹೊರಗೆ ಚಾಚಿದ್ದವು. ಮೊಣಕೈವರೆಗೂ ಮಸಿಯಾಗಿದ್ದ ಬೆರಿಲ್ ಎದ್ದು ನಿಂತಳು.

"ಊರೆಲ್ಲಾ ಹೇಳ್ತಾ ಇದೆ" ಎಂದ ವರ್ನ್. "ನೀನೂ ಇವನೂ..."

"ನಾನೂ ಇವನೂ ಏನು? ಹೇಳು, ಬಾಯಿಬಿಟ್ಟು ಹೇಳು."

ಅವನು ಊರುಗೋಲಿನ ತುದಿಯಿಂದ ಕ್ಲೆಮ್‌ನ ಕಾಲುಗಳನ್ನು ತೋರಿಸಿದ.

"ಅದೆಲ್ಲಾ ಗಾಳಿಮಾತು ಕಣೋ ಪೆದ್ದು. ನಾವು ನಿನ್ನ ಬ್ರೇಕ್ ರಿಪೇರಿ ಮಾಡಿದ್ವಿ."

ವರ್ನ್ ಬಗ್ಗಿ ಮುಂದಿನ ಚಕ್ರಗಳನ್ನು ನೋಡಿದ. ಆಮೇಲೆ ಮೆಲ್ಲಗೆ, "ಬ್ರೇಕು ಮಾತ್ರಾನಾ?"

"ಸ್ಟಿಯರಿಂಗೂ."

ಅವನು ಪಕ್ಕದಲ್ಲಿದ್ದ ಎಣ್ಣೆ ಡಬ್ಬದ ಮೇಲೆ ಕುಸಿದು ಕೂತ. "ಅಯ್ಯೋ, ಆ ಸುದ್ದಿ ನಿಜವಾಗಿದ್ರೇ ವಾಸಿಯಾಗಿತ್ತಲ್ಲೇ!"

"ಏನಂತೆ?" ಎಂದ ಕ್ಲೆಮ್ ಕೆಳಗಿನಿಂದ.

"ನೀನೂ ನಾನೂ ಹಾಗಿದ್ದಿದ್ರೇ ವಾಸಿಯಿತ್ತಂತೆ!" ಬೆರಿಲ್ ಬಗ್ಗಿ ಕೂಗಿದಳು.

"ಹೌದಾ? ಹಾಗಾದ್ರೆ ಇರು, ಸ್ನಾನ ಮಾಡ್ಕೊಂಡು ಬರ್ತೀನಿ!"

ಮರುದಿನ ಬೆಳಿಗ್ಗೆ ಯಾರು ಬೇಡವೆಂದರೂ ಕೇಳದೆ ವರ್ನ್ ಬ್ಲಿಟ್ಜ್ ಹತ್ತಿದ. ಗಾಡಿ ಬದಲಾಗಿದೆಯೆಂದು ಮನಸ್ಸಿಗೆ ಗೊತ್ತಿದ್ದರೂ ಕೈಕಾಲಿನ ರೂಢಿ ಕೇಳಬೇಕಲ್ಲ. ಪಬ್ಬಿನ ತಿರುವಿಗೆ ಇನ್ನೂ ದೂರವಿರುವಾಗಲೇ ಅಭ್ಯಾಸದಂತೆ ಸ್ಟಿಯರಿಂಗನ್ನು ಅರ್ಧ ಸುತ್ತು ತಿರುಗಿಸಿದ. ಗಾಡಿ ಒಂದೇ ಮಾತಿಗೆ ಓಗೊಟ್ಟು, ತಿರುಗಿ, ಬೇಲಿ ಮುರಿದುಕೊಂಡು ಬೌಲ್ಸ್ ಕ್ಲಬ್ಬಿನ ನುಣುಪು ಹುಲ್ಲಿನ ಮೇಲೆ ಹತ್ತಿತು. ಗಾಬರಿಯಲ್ಲಿ ಬ್ರೇಕನ್ನು ಮೂರು ಸಲ ತುಳಿಯಲು ಕಾಲೆತ್ತಿದ, ಮೊದಲನೆಯದಕ್ಕೇ ಬ್ಲಿಟ್ಜ್ ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ವರ್ನ್‌ನ ಟೊಪ್ಪಿ ಗಾಜಿಗೆ ಬಡಿದು ಅಪ್ಪಚ್ಚಿಯಾಯಿತು. ಬಿಳಿ ಬಟ್ಟೆ ತೊಟ್ಟು ಚೆಂಡು ಉರುಳಿಸುತ್ತಿದ್ದ ಮುದುಕರು ದಿಕ್ಕಾಪಾಲಾಗಿ ಓಡಿದರು. ಓಡಲಾಗದ ಕ್ಲಬ್ಬಿನ ಅಧ್ಯಕ್ಷ ಮಾತ್ರ ಟ್ರಕ್ಕಿನ ಮೂತಿಯೆದುರು ನಿಂತೇ ಹೇಳಿದ: "ವರ್ನ್, ಇಲ್ಲಿಗೆ ಬರೋರು ಬಿಳಿ ಬಟ್ಟೆ ಹಾಕ್ಕೊಂಡೇ ಬರಬೇಕು ಕಣಯ್ಯಾ."

ಆಮೇಲೆ ವರ್ನ್ ಕೆಲವು ದಿನ ಮನೆ ಬಿಟ್ಟು ಹೊರಗೆ ಬರಲಿಲ್ಲ. ಒಂದು ಮಧ್ಯಾಹ್ನ ಬೆರಿಲ್ ಶೆಡ್ಡಿಗೆ ಹೋದಾಗ ಅವನು ಸ್ಪ್ಯಾನರ್ ಹಿಡಿದು ಸ್ಟಿಯರಿಂಗ್ ಬಾಕ್ಸಿನ ಬಿಗಿಯ ತಿರುಪನ್ನು ಸಡಿಲಿಸಲು ತಡಕಾಡುತ್ತಿದ್ದನಂತೆ.

"ಏನು ಹುಡುಕ್ತಾ ಇದೀಯ?"

"ನನ್ನ ಅರ್ಧ ಸುತ್ತು."

ಬೆರಿಲ್ ಇದನ್ನು ನನಗೆ ಹೇಳುವಾಗ ನಗುತ್ತಿರಲಿಲ್ಲ. "ಅಷ್ಟು ವರ್ಷ ಆ ಗಾಡೀನ ಅವನೊಬ್ಬನೇ ಓಡಿಸ್ತಿದ್ದ ಐವಿ, ಬೇರೆ ಯಾರ ಕೈಲೂ ಆಗ್ತಿರಲಿಲ್ಲ. ಈಗ ಯಾರು ಬೇಕಾದ್ರೂ ಓಡಿಸಬಹುದು. ನಾನು ಅದನ್ನ ಯೋಚನೇನೇ ಮಾಡಿರಲಿಲ್ಲ." ಆದರೂ ಅವಳು ತಿರುಪು ಸಡಿಲಿಸಲು ಬಿಡಲಿಲ್ಲ. ಸ್ಪ್ಯಾನರನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಟ್ರಕ್ಕಿನ ಬೀಗದ ಕೈ ತೆಗೆದುಕೊಂಡಳು. "ನಾಳೆ ಪೋರ್ಟ್ ಅಗಸ್ಟಾದಲ್ಲಿ ಡಾಕ್ಟರಿಗೆ ನಿನ್ನ ಸೊಂಟ ತೋರಿಸಬೇಕು. ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ಬೈಯಬಹುದು."

ಮರುದಿನ ದಾರಿಯ ಪಿಚಿ ರಿಚಿ ಕಣಿವೆಯ ಇಳಿಜಾರಿನಲ್ಲಿ ಬೆರಿಲ್ ಬ್ಲಿಟ್ಜನ್ನು ನಿಧಾನವಾಗಿ, ಗಟ್ಟಿಯಾಗಿ ಇಳಿಸಿದಳು. ಮೊದಮೊದಲು ವರ್ನ್ ಬಾಗಿಲು ಹಿಡಿದು, ಕಣ್ಣು ರಸ್ತೆಗೆ ನೆಟ್ಟು, ತಿರುವು ಬಂದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದ. ಗಾಡಿ ಹೇಳಿದಂತೆ ಕೇಳುತ್ತಿತ್ತು, ಬೈಯಲು ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಸಡಿಲವಾಯಿತು. ಕಿಟಕಿಯ ಆಚೆ ನೋಡಿದ. ಥಟ್ಟನೆ ಕೂಗಿದ: "ಬೆರಿಲ್! ಅಲ್ಲೊಂದು ಮನೆ ಇದೆಯಲ್ಲೇ! ಯಾವಾಗ ಕಟ್ಟಿದ್ರು?"

"ನಮ್ಮ ಮದುವೆಗಿಂತ ಮುಂಚೆ ಕಣೋ. ದಿನಾ ಅದರ ಮುಂದೇನೇ ಹೋಗ್ತಿದ್ದೆಯಲ್ಲ."

"ಸ್ಟಿಯರಿಂಗು, ಬ್ರೇಕು ಬಿಟ್ಟು ಬೇರೆ ನೋಡೋಕೆ ಪುರುಸೊತ್ತೆಲ್ಲಿತ್ತು? ನಿಲ್ಲಿಸು, ನಿಲ್ಲಿಸು."

ಅವಳು ಒಂದೇ ಸಲ ತುಳಿದು ನಿಲ್ಲಿಸಿದಳು. ವರ್ನ್ ಊರುಗೋಲು ಊರಿಕೊಂಡು ಇಳಿದು, ಆ ಮನೆಯ ಬಾಗಿಲು ತಟ್ಟಿ, ತನ್ನ ಪರಿಚಯ ಹೇಳಿಕೊಂಡ. ಅವರು ಚಹಾ ಕೊಟ್ಟರು, ಸ್ಕೋನ್ ಎಂಬ ಮೆತ್ತನೆಯ ಬನ್ನು ಕೊಟ್ಟರು, ಹಿತ್ತಲಿನ ನಿಂಬೆಗಿಡ ತೋರಿಸಿದರು. ಡಾಕ್ಟರ ಹತ್ತಿರ ಆ ದಿನ ಅವರು ಹೋಗಲೇ ಇಲ್ಲ.