ಗೋಡೆಯಣ್ಣ ತನ್ನ ಹೆಸರು ಬರೆದ ಗುರಿ

ಗೋಡೆಯಣ್ಣನ ಕಸುಬು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ಗೋಡೆಯಣ್ಣ ಎಂಬ ಅಡ್ಡಹೆಸರು ಇಟ್ಟವರು ಮಾತ್ರ ಅಂಗಡಿಯವರಲ್ಲ, ಬಿಡುವಿನಲ್ಲಿ ಅವನು ದುಡಿಯುವ ಇನ್ನೊಂದು ಕಡೆಯವರು. ಬ್ರೌಸರಿನಲ್ಲಿ ಆಡುವ ಆಟಗಳನ್ನು ಕಟ್ಟಲು ಬೇಕಾದ ಕೋಡನ್ನು ಹತ್ತಾರು ಜನ ಸೇರಿ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ತೆರೆದಿಟ್ಟಿದ್ದರು. ಸಂಬಳವಿಲ್ಲ, ಗಿಂಬಳವಿಲ್ಲ. ಆಟದ ಚೆಂಡು ಗೋಡೆಗೆ ತಾಗಿದರೆ ಪುಟಿದು ಬರಬೇಕು, ಆಚೆ ನುಸುಳಬಾರದು. ಅಷ್ಟನ್ನು ನೋಡಿಕೊಳ್ಳುವ ಭಾಗ ಇವನದು. ಒಂಬತ್ತು ವರ್ಷ ಅದಕ್ಕೆ ಜೀವ ತೇಯ್ದಿದ್ದ.

ವರ್ಷಕ್ಕೊಮ್ಮೆ, ಮುಂದೆ ಮಾಡಬೇಕಾದ ಗುರಿಗಳ ಪಟ್ಟಿಯಾಗುತ್ತದೆ. ಬಳಸುವವರು ಮತ ಹಾಕುತ್ತಾರೆ. ಆದರೆ ಪ್ರತಿ ಗುರಿಯ ಮುಂದೆಯೂ ಮಾಡುವವರ ಹೆಸರಿರಬೇಕು, ಹೆಸರಿಲ್ಲದ್ದು ಪಟ್ಟಿಯಿಂದ ಔಟು. ಮಾತಿನಲ್ಲೇ ಮಂಟಪ ಕಟ್ಟುವವರ ಕಾಟ ತಾಳಲಾರದೆ ಈ ಕಟ್ಟಳೆ ತಂದವನೂ ಇವನೇ!

ಈ ಸಲ ಅತಿ ಹೆಚ್ಚು ಮತ ಬಿದ್ದ ಗುರಿ, ಹಳೆಯ ಗೋಡೆ ಭಾಗವನ್ನು ಕಿತ್ತುಹಾಕಿ ಹೊಸದನ್ನು ಕೂರಿಸುವುದು. ಇನ್ನೂರ ಹನ್ನೊಂದು ಮತ.

ಭಾನುವಾರ ಮಧ್ಯಾಹ್ನ ಕಂಪ್ಯೂಟರಿನ ಪರದೆಯ ಮೇಲೆ ಸಭೆ ನಡೆಯಿತು.

"ಬೇಜಾರು ಮಾಡ್ಕೋಬೇಡಿ ಅಣ್ಣಾ. ನಿಮ್ಮ ಕೆಲಸದ ಬಗ್ಗೆ ಯಾರೂ ಕೆಟ್ಟದಾಗಿ ಹೇಳ್ತಿಲ್ಲ" ಎಂದಳು ತಂಡದ ಕಾರ್ಯದರ್ಶಿ.

"ಹೌದಮ್ಮಾ, ಹೇಳ್ತಿಲ್ಲ. ಮತ ಹಾಕಿದಾರೆ, ಅಷ್ಟೇ."

ಯಾರೋ ನಕ್ಕರು. "ಸರಿ, ಇದನ್ನ ಯಾರು ಮಾಡ್ತೀರಿ?" ಎಂದು ಕಾರ್ಯದರ್ಶಿ ಕೇಳಿದಾಗ ಮಾತ್ರ ಒಬ್ಬರ ಹೆಸರೂ ಮುಂದೆ ಬರಲಿಲ್ಲ. ಹೊಸದು ತಯಾರಿತ್ತು. ಆದರೆ ಹಳೆಯದರ ಬೇರು ಉಳಿದ ಕೋಡಿನಲ್ಲಿ ಎಲ್ಲೆಲ್ಲಿ ಇಳಿದಿದೆ ಎಂದು ಬಲ್ಲವನು ಇವನೊಬ್ಬನೇ.

"ಸಂಜೆ ಆರರವರೆಗೂ ನೋಡ್ತೀನಿ. ಹೆಸರು ಬರದಿದ್ರೆ ಈ ಗುರಿ ಬಿಟ್ಟುಬಿಡೋಣ" ಎಂದಳು ಅವಳು.

ಅಂದರೆ ಇವನು ಸುಮ್ಮನಿದ್ದರೆ ಸಾಕು, ಇವನ ಕೋಡಿಗೆ ಇನ್ನೊಂದು ವರ್ಷ ಆಯಸ್ಸು. ಒಳಗೊಳಗೇ ಖುಷಿಯಾಯಿತು. ಅಂಥ ಖುಷಿಗೆ ನಾಚಿಕೆಯೂ ಆಯಿತು.

ಹೆಂಡತಿಗೆ ಹೇಳಿದ. "ಸುಮ್ನಿರಿ ಅತ್ಲಾಗೆ. ತಮ್ಮ ಕಾಲಿಗೆ ತಾವೇ ಕೊಡ್ಲಿ ಹಾಕ್ಕೊಳೋರು ಯಾರಾದ್ರೂ ಇದಾರಾ?" ಎಂದು ಅವಳು ಒಗೆದ ಬಟ್ಟೆ ಹರವಲು ಹೋದಳು.

ಮತ ಹಾಕಿದವರದೇ ತಪ್ಪು ಎಂದು ತೋರಿಸಿಕೊಡೋಣವೆಂದು ಇವನು ಹಳೆಯ ದೂರುಗಳನ್ನು ತೆರೆದ. ಕೈ ಸ್ವಾಧೀನವಿಲ್ಲದ ಮಕ್ಕಳಿಗೆ ಆಟ ಮಾಡಿಕೊಡುವ ಟೀಚರೊಬ್ಬರು ಎಂಟು ತಿಂಗಳ ಹಿಂದೆ ಬರೆದಿದ್ದರು: "ಚೆಂಡು ಕೆಲವು ಸಲ ಗೋಡೆ ದಾಟಿಹೋಗುತ್ತೆ. ಮಕ್ಕಳು ತಮ್ಮ ಕೈಯದೇ ತಪ್ಪು ಅಂದ್ಕೊಂಡು ಆಟ ಬಿಡ್ತಿದಾರೆ." ಕೆಳಗೆ ಇವನದೇ ಉತ್ತರ: "ನಮ್ಮಲ್ಲಿ ದೋಷವಿಲ್ಲ. ನೀವು ಬಳಸುವ ರೀತಿ ಸರಿಯಿಲ್ಲ." ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ, ಆಗ ಪರೀಕ್ಷಿಸಿಯೂ ನೋಡಿರಲಿಲ್ಲ.

ಈಗ ಟೀಚರ ಆಟವನ್ನೇ ತೆರೆದು ಆಡಿದ. ಏಳನೆಯ ಚೆಂಡು ಗೋಡೆಯೊಳಗೆ ಹೊಕ್ಕು ಆಚೆ ಹೋಯಿತು. ಮತ್ತೆ ಆಡಿದ. ಈ ಸಲ ನಾಲ್ಕನೆಯದೇ ಹೋಯಿತು. ಅಯ್ಯೋ, ಎಷ್ಟು ಮಕ್ಕಳು ಹೀಗೆ ಕೈ ಹಿಂದಕ್ಕೆ ಎಳೆದುಕೊಂಡರೋ!

"ತಪ್ಪು ನನ್ನದು. ಮಕ್ಕಳಿಗೆ ಹೇಳಿ" ಎಂದು ಆ ದೂರಿನ ಕೆಳಗೇ ಟೀಚರಿಗೆ ಬರೆದ. ಅವರು ಈಗಲೂ ಅಲ್ಲಿಗೆ ಬಂದು ನೋಡುವರೋ ಇಲ್ಲವೋ ತಿಳಿಯದು.

ಐದೂಮುಕ್ಕಾಲಿಗೆ ಪಟ್ಟಿ ತೆರೆದು ಗುರಿಯ ಮುಂದೆ ತನ್ನ ಹೆಸರು ಹಾಕಿದ. ಪಕ್ಕದಲ್ಲಿದ್ದ ಇನ್ನೊಂದು ಖಾನೆ ತುಂಬದೆ ಪಟ್ಟಿ ಮುಂದೆ ಹೋಗುವಂತಿರಲಿಲ್ಲ. ಗುರಿ ಮುಟ್ಟಿತೆಂದು ತಿಳಿಯುವುದು ಹೇಗೆ ಎಂದು ಅದು ಕೇಳುತ್ತಿತ್ತು. ಅಲ್ಲಿ ಬರೆದ: "ನಾನು ಬರೆದ ಒಂದು ಸಾಲೂ ಉಳಿದಿರಬಾರದು."